‘ಇಲ್ಲ’ದ ಬಾಲ ಹಿಡಿದು ಇಂಗ್ಲಿಷಿನ ಇನ್‌ವರ್ಷನ್ ಕಲಿಯುವುದು

ಹೋದ ಮಳೆಗಾಲದಲ್ಲಿ ಒಬ್ಬ ನರ್ಸ್ ಹುಡುಗಿ ನಮ್ಮ ಮನೆಗೆ ಬಂದಳು. ಊರು ಬೈಂದೂರು ಕಡೆ, ಕೆಲಸ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ, ವಾಸ ಇಲ್ಲೇ ಡೊಂಬಿವಲಿ ಪೂರ್ವದಲ್ಲಿ, ನಮ್ಮ ಬಿಲ್ಡಿಂಗಿನಿಂದ ಎರಡು ಗಲ್ಲಿ ಆಚೆ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ತಯಾರಾಗುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕೊಡೆಯಿಂದ ನೀರು ಇಳಿಯುತ್ತಿತ್ತು. “ಟೀಚರ್, ಈ ಇನ್‌ವರ್ಷನ್ ಒಂದು ನನ್ನ ತಲೆಗೆ ಹತ್ತುವುದಿಲ್ಲ” ಎಂದು ನೋಟ್‌ಬುಕ್ ತೆರೆದಳು. ಮೊದಲ ವಾಕ್ಯ ಇದು:

“ನೆವರ್ ಐ ಡಿಡ್ ನಾಟ್ ಸಾ ಸಚ್ ಎ ಕ್ರೌಡ್.”

ನಾನು ತಿದ್ದಲು ಹೋಗಲಿಲ್ಲ. “ಇದನ್ನೇ ಕನ್ನಡದಲ್ಲಿ ಹೇಳು” ಎಂದೆ.

“ಇಷ್ಟು ಜನ ಎಂದೂ ನೋಡಿಲ್ಲ ಟೀಚರ್.”

“ನೋಡಿಲ್ಲವೋ, ನೋಡಲಿಲ್ಲವೋ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿಲ್ಲ” ಎಂದಳು. ಅವಳಿಗೆ ಬೇಕಾಗಿದ್ದ ಉತ್ತರ ಅವಳ ಬಾಯಲ್ಲೇ ಇತ್ತು. ಅದನ್ನು ಇಂಗ್ಲಿಷಿಗೆ ದಾಟಿಸುವ ದಾರಿಯನ್ನು ಯಾರೂ ತೋರಿಸಿರಲಿಲ್ಲ, ಅಷ್ಟೇ. ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಪಾಠ ಮಾಡಿದವಳು. ನನ್ನ ಅಪ್ಪ ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ ಮಾಡಿ ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಈಗ ಭಾನುವಾರ ಬೆಳಿಗ್ಗೆ ನನ್ನ ಊಟದ ಮೇಜಿನ ಸುತ್ತ ಐದಾರು ಮಂದಿ ಕೂರುತ್ತಾರೆ. ಮನೆಯಲ್ಲಿ ತುಳುವೋ ಕುಂದಗನ್ನಡವೋ, ಶಾಲೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಇಂಗ್ಲಿಷ್ ಇವರಿಗೆ ಐದನೆಯ ಭಾಷೆ. ಇಷ್ಟು ಭಾಷೆಗಳನ್ನು ಆಡುವವರಿಗೆ ವ್ಯಾಕರಣ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಇನ್‌ವರ್ಷನ್ ಮೊದಲು ಕಿವಿಗೆ ಕೂರಬೇಕು, ಆಮೇಲೆ ಕೈಗೆ. ಆದ್ದರಿಂದ ಪ್ರತಿ ವಾಕ್ಯವನ್ನೂ ಎರಡು ಸಲ ಗಟ್ಟಿಯಾಗಿ ಓದಿ.

ಇನ್‌ವರ್ಷನ್ ಅಂದರೆ ಹೇಳಿಕೆಯ ವಾಕ್ಯವನ್ನು ಪ್ರಶ್ನೆಯ ಅಚ್ಚಿನಲ್ಲಿ ಎರೆಯುವುದು. “ಹ್ಯಾವ್ ಐ ಸೀನ್?” ಎಂಬುದು ಪ್ರಶ್ನೆ. ಅದರ ಮುಂದೆ ನೆವರ್ ಇಟ್ಟರೆ “ನೆವರ್ ಹ್ಯಾವ್ ಐ ಸೀನ್ ಸಚ್ ಎ ಕ್ರೌಡ್.” ಮೊದಲು ಒತ್ತಿನ ಪದ, ಆಮೇಲೆ ಹೆಲ್ಪಿಂಗ್ ವರ್ಬ್ (ಹ್ಯಾವ್, ಡು, ಡಿಡ್ ಇಂಥ ಸಹಾಯಕ ಕ್ರಿಯಾಪದ), ಆಮೇಲೆ ಕರ್ತೃ, ಕೊನೆಗೆ ಮುಖ್ಯ ಕ್ರಿಯಾಪದ.

ಇದು ನಮಗೆ ಕಷ್ಟವಾಗುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಾಗಿಲ್ಲ. “ನೀನು ಬಂದೆ” ಎಂಬುದಕ್ಕೆ ಬಾಲದಲ್ಲಿ ಒಂದು ‘ಆ’ ಸೇರಿಸಿದರೆ “ನೀನು ಬಂದೆಯಾ?” ಆಯಿತು. ಒತ್ತು ಕೊಡುವುದೂ ಹಾಗೇ, ಒಂದು ‘ಏ’ ಸಾಕು: “ನಾನೇ ಬಂದೆ”, “ಬಂದೇ ಬಂದೆ.” ಇಂಗ್ಲಿಷಿಗೆ ಈ ‘ಆ’ ಇಲ್ಲ, ‘ಏ’ ಇಲ್ಲ. ಅದು ಪದಗಳನ್ನು ಎತ್ತಿ ಇಟ್ಟೇ ಕೆಲಸ ಸಾಗಿಸಬೇಕು. ನಾವು “ಯು ಆರ್ ಕಮಿಂಗ್?” ಎಂದು ದನಿ ಏರಿಸಿ ಕೇಳುವವರು. ಹಾಗಾಗಿ ಹೆಲ್ಪಿಂಗ್ ವರ್ಬನ್ನು ಮುಂದೆ ತರುವ ಅಭ್ಯಾಸ ನಾಲಗೆಗೆ ಆಗಿರುವುದಿಲ್ಲ. ಮೊದಲ ವಾರ ನಾನು ಇನ್‌ವರ್ಷನ್ ಎಂಬ ಪದವನ್ನೇ ಎತ್ತುವುದಿಲ್ಲ, ಬರೀ ಪ್ರಶ್ನೆ ಕೇಳಿಸುತ್ತೇನೆ.

ಎರಡನೆಯ ತೊಡಕು ಯಾವ ಹೆಲ್ಪಿಂಗ್ ವರ್ಬ್, ಅದರ ಮುಂದೆ ಕ್ರಿಯಾಪದದ ಯಾವ ರೂಪ ಎಂಬುದು. ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ. ವಾಕ್ಯವನ್ನು ಕನ್ನಡದಲ್ಲಿ ‘ಇಲ್ಲ’ ಬರುವಂತೆ ಹೇಳಿ, ಬಾಲ ನೋಡಿ (ಸೀ, ಸಾ, ಸೀನ್ ಎಂಬ ಮೂರು ರೂಪಗಳಲ್ಲಿ ಮೊದಲನೆಯದು ವಿ1, ಮೂರನೆಯದು ವಿ3):

ನೋಡುವುದಿಲ್ಲ: ಡು ಅಥವಾ ಡಸ್, ಮುಂದೆ ವಿ1 (ಸೀ)
ನೋಡಲಿಲ್ಲ: ಡಿಡ್, ಮುಂದೆ ವಿ1 (ಸೀ)
ನೋಡಿಲ್ಲ: ಹ್ಯಾವ್ ಅಥವಾ ಹ್ಯಾಸ್, ಮುಂದೆ ವಿ3 (ಸೀನ್)
ನೋಡಿರಲಿಲ್ಲ: ಹ್ಯಾಡ್, ಮುಂದೆ ವಿ3 (ಸೀನ್)
ನೋಡುತ್ತಿಲ್ಲ: ಆಮ್, ಈಸ್, ಆರ್, ಮುಂದೆ ಐಎನ್‌ಜಿ ರೂಪ
ನೋಡಕೂಡದು: ಶುಡ್ ಅಥವಾ ಮಸ್ಟ್, ಮುಂದೆ ವಿ1
ನೋಡಲಾರೆ: ಕ್ಯಾನ್, ಮುಂದೆ ವಿ1

ಎರಡನೆಯ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಮ್ಮವರು ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಅಲ್ಲೇ. “ಬಂದ” ಎಂಬುದು ಭೂತಕಾಲ. ಅದನ್ನು ಇಲ್ಲವಾಗಿಸುವಾಗ ನಾವು “ಬಂದಲಿಲ್ಲ” ಎನ್ನುತ್ತೇವೆಯೇ? ಮೂರು ವರ್ಷದ ಮಗುವೂ ಅನ್ನುವುದಿಲ್ಲ. “ಬರಲಿಲ್ಲ” ಎನ್ನುತ್ತೇವೆ. ಭೂತಕಾಲದ ಗುರುತು ‘ಬಂದ್’ ಹೋಯಿತು, ‘ಬರಲು’ ಎಂಬ ಬರಿಯ ರೂಪ ಬಂತು, ಕಾಲದ ಭಾರವನ್ನು ‘ಇಲ್ಲ’ದ ಬಾಲವೇ ಹೊತ್ತುಕೊಂಡಿತು. ಇಂಗ್ಲಿಷಿನಲ್ಲೂ ಇದೇ ನಡೆಯುತ್ತದೆ. ಡಿಡ್ ಬಂದ ಮೇಲೆ ಕೇಮ್ ಇರಬಾರದು, ಕಮ್ ಆಗಬೇಕು. “ಡಿಡ್ ನಾಟ್ ಕೇಮ್” ಎಂದು ಬರೆದವರಿಗೆ ನಾನು “ನೀವು ಬಂದಲಿಲ್ಲ ಎಂದು ಬರೆದಿದ್ದೀರಿ” ಎನ್ನುತ್ತೇನೆ. ಕಿವಿಗೆ ಚುಚ್ಚುತ್ತದೆ. ಹಾಗೆ ಒಮ್ಮೆ ಚುಚ್ಚಿದ ಮೇಲೆ ಆ ತಪ್ಪು ಮತ್ತೆ ಬರುವುದು ಕಡಿಮೆ.

ಮೂರನೆಯದೂ ಹಾಗೇ. ‘ನೋಡಿಲ್ಲ’ ಎಂಬುದರಲ್ಲಿ ನೋಡಿ ಮುಗಿದ ರೂಪ ಉಳಿದಿದೆ, ಆದ್ದರಿಂದ ಇಂಗ್ಲಿಷಿನಲ್ಲೂ ಮುಗಿದ ರೂಪ, ವಿ3. ಈಗ ಒಂದೇ ವಾಕ್ಯವನ್ನು ಮೂರು ಬಾಲದಲ್ಲಿ ಹೇಳಿ:

ಅವನು ಎಂದೂ ದೂರು ಹೇಳಲಿಲ್ಲ. “ನೆವರ್ ಡಿಡ್ ಹೀ ಕಂಪ್ಲೇನ್.”
ಅವನು ಎಂದೂ ದೂರು ಹೇಳಿಲ್ಲ. “ನೆವರ್ ಹ್ಯಾಸ್ ಹೀ ಕಂಪ್ಲೇನ್ಡ್.”
ಅವನು ಎಂದೂ ದೂರು ಹೇಳಿರಲಿಲ್ಲ. “ನೆವರ್ ಹ್ಯಾಡ್ ಹೀ ಕಂಪ್ಲೇನ್ಡ್.”

ಇನ್ನು ನರ್ಸ್ ಹುಡುಗಿಯ ವಾಕ್ಯದಲ್ಲಿದ್ದ ‘ನಾಟ್’. ಕನ್ನಡದಲ್ಲಿ ‘ಎಂದೂ’ ಎಂದರೆ ಅರ್ಧ ಮಾತು ಅಷ್ಟೇ, ಕೊನೆಗೆ ‘ಇಲ್ಲ’ ಬರಲೇಬೇಕು. ಇಂಗ್ಲಿಷಿನ ನೆವರ್ ‘ಇಲ್ಲ’ವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುತ್ತದೆ. ಅದರ ಜೊತೆ ನಾಟ್ ಹಾಕಿದರೆ ಎರಡು ‘ಇಲ್ಲ’ ಆಯಿತು. ರೇರ್ಲಿ, ಸೆಲ್ಡಮ್, ಹಾರ್ಡ್ಲಿ, ಸ್ಕೇರ್ಸ್ಲಿ, ಲಿಟಲ್ ಎಂಬ ಪದಗಳೂ ಅದೇ ಜಾತಿ. ಹೊರಗಿನಿಂದ ಸಾಧು, ಒಳಗೆ ‘ಇಲ್ಲ’. ‘ಅಪರೂಪಕ್ಕೆ’ ಎಂದು ಕನ್ನಡದಲ್ಲಿ ಯೋಚಿಸಿದರೆ ಬಾಲ ಸಿಗುವುದಿಲ್ಲ. “ಹೆಚ್ಚಾಗಿ ಇಲ್ಲ” ಎಂದು ಬದಲಿಸಿಕೊಳ್ಳಿ. “ನನ್ನ ಗಂಡ ಹೆಚ್ಚಾಗಿ ಹೊರಗೆ ಉಣ್ಣುವುದಿಲ್ಲ.” ಉವುದಿಲ್ಲ ಅಂದರೆ ಡಸ್. “ರೇರ್ಲಿ ಡಸ್ ಮೈ ಹಸ್ಬೆಂಡ್ ಈಟ್ ಔಟ್.” ಈಟ್ಸ್ ಅಲ್ಲ, ಅದರ ಎಸ್ ಆಗಲೇ ಡಸ್‌ಗೆ ಹೋಗಿಯಾಯಿತು.

ಈ ಬಾಲ ಕೈಕೊಡುವ ಜಾಗಗಳನ್ನೂ ಹೇಳಿಬಿಡುತ್ತೇನೆ. ‘ಗೊತ್ತು’, ‘ಬೇಕು’, ‘ಇಷ್ಟ’ ಇವು ಕನ್ನಡದಲ್ಲಿ ಮಾಮೂಲಿ ಕ್ರಿಯಾಪದಗಳಂತೆ ನಡೆಯುವುದಿಲ್ಲ. ‘ಗೊತ್ತಿರಲಿಲ್ಲ’ ಎಂಬುದನ್ನು ನನ್ನ ಪಟ್ಟಿಗೆ ಹಿಡಿದರೆ ಹ್ಯಾಡ್ ಬರುತ್ತದೆ, ಅದು ತಪ್ಪು. ಗೊತ್ತಿಲ್ಲ ಎಂದರೆ ಡು, ಗೊತ್ತಿರಲಿಲ್ಲ ಎಂದರೆ ಡಿಡ್: “ಲಿಟಲ್ ಡಿಡ್ ಐ ನೋ.” ಹಾಗೆಯೇ “ಅವನು ಎಂದೂ ಮನೆಯಲ್ಲಿ ಇರಲಿಲ್ಲ” ಎಂಬಲ್ಲಿ ಇರುವುದೇ ಮುಖ್ಯ ಕೆಲಸ. ಅಲ್ಲಿ ಡಿಡ್ ಬೇಡ, ವಾಸ್ ಒಂದೇ ಸಾಕು: “ನೆವರ್ ವಾಸ್ ಹೀ ಅಟ್ ಹೋಮ್.” ‘ಉವುದಿಲ್ಲ’ ಮುಂದಿನ ಕಾಲಕ್ಕೂ ಬರುತ್ತದೆ. “ಇನ್ನೆಂದೂ ತಡಮಾಡುವುದಿಲ್ಲ” ಎಂದರೆ “ನೆವರ್ ಅಗೇನ್ ವಿಲ್ ಐ ಬಿ ಲೇಟ್.” ಇಂಥ ಕಡೆ ಬಾಲದ ಜೊತೆಗೆ ಕಾಲವನ್ನೂ ಗಮನಿಸಬೇಕು.

‘ಓನ್ಲಿ’ಯಿಂದ ಶುರುವಾಗುವ ವಾಕ್ಯಕ್ಕೆ ಬರೋಣ. “ರೈಲು ಹೊರಟ ಮೇಲೆಯೇ ಅವಳಿಗೆ ಪಾಸ್‌ಪೋರ್ಟಿನ ನೆನಪಾಯಿತು.” ಐಇಎಲ್‌ಟಿಎಸ್‌ಗೆ ನಮ್ಮಲ್ಲಿ ಪಾಸ್‌ಪೋರ್ಟೇ ಗುರುತಿನ ಚೀಟಿ, ಹಾಗಾಗಿ ಈ ವಾಕ್ಯವನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೇನೆ. ಇದರಲ್ಲಿ ‘ಇಲ್ಲ’ ಇಲ್ಲವಲ್ಲ ಎಂದು ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ‘ಮೇಲೆಯೇ’ಯ ಆ ‘ಏ’ ಏನು ಹೇಳುತ್ತಿದೆ? ಅಲ್ಲಿಯವರೆಗೆ ನೆನಪಾಗಲಿಲ್ಲ ಎಂದು. ‘ಲಿಲ್ಲ’ದ ಬಾಲ ಸಿಕ್ಕಿತು, ಅಂದರೆ ಡಿಡ್: “ಓನ್ಲಿ ಆಫ್ಟರ್ ದ ಟ್ರೇನ್ ಹ್ಯಾಡ್ ಲೆಫ್ಟ್ ಡಿಡ್ ಶಿ ರಿಮೆಂಬರ್ ಹರ್ ಪಾಸ್‌ಪೋರ್ಟ್.”

ತಿರುಗುವುದು ಯಾವ ಅರ್ಧ ಎಂದು ನೋಡಿ. ಓನ್ಲಿ ಆಫ್ಟರ್, ಓನ್ಲಿ ವೆನ್, ನಾಟ್ ಅಂಟಿಲ್ ಇವುಗಳ ಪಕ್ಕದ ಭಾಗ ಹಾಗೇ ಇರುತ್ತದೆ. ತಿರುಗುವುದು ‘ನೆನಪಾಯಿತು’ ಇರುವ ಮುಖ್ಯ ಭಾಗ. “ಓನ್ಲಿ ಆಫ್ಟರ್ ಹ್ಯಾಡ್ ದ ಟ್ರೇನ್ ಲೆಫ್ಟ್” ಎಂದು ಬರೆದರೆ ವಾಕ್ಯ ಹಾಳಾಯಿತು. ಓನ್ಲಿ ಕರ್ತೃವಿಗೇ ಅಂಟಿಕೊಂಡಿದ್ದರೆ ಏನೂ ತಿರುಗುವುದಿಲ್ಲ: “ಓನ್ಲಿ ಮೈ ಬ್ರದರ್ ನೋಸ್ ದಿಸ್.” ‘ಇನ್ ನೋ ಟೈಮ್’ ಎಂಬುದರಲ್ಲೂ ನೋ ಇದೆ, ಆದರೆ ಅರ್ಥ ‘ಕ್ಷಣದಲ್ಲಿ’, ‘ಇಲ್ಲ’ ಅಲ್ಲ. ಅಲ್ಲೂ ತಿರುಗಿಸಬೇಡಿ. ‘ಅಟ್ ನೋ ಟೈಮ್’ ಎಂದರೆ ‘ಯಾವ ಹೊತ್ತಿನಲ್ಲೂ ಇಲ್ಲ’, ಅಲ್ಲಿ ತಿರುಗಿಸಲೇಬೇಕು.

ಆಯ್ಕೆ ಕೊಟ್ಟು ಕೇಳುವ ಪರೀಕ್ಷೆಗಳಲ್ಲಿ ಇದೇ ಜಾಗದಲ್ಲಿ ಹಳ್ಳ ತೋಡಿಟ್ಟಿರುತ್ತಾರೆ. ಒಂದನ್ನು ಬಿಡಿಸಿ ನೋಡೋಣ. “ನಾಟ್ ಅಂಟಿಲ್ ದ ರಿಸಲ್ಟ್ಸ್ ವರ್ ಡಿಕ್ಲೇರ್ಡ್ ... ಹೌ ಬ್ಯಾಡ್ಲಿ ಹೀ ಹ್ಯಾಡ್ ಡನ್.” ಆಯ್ಕೆಗಳು: ಹೀ ರಿಯಲೈಸ್ಡ್, ಡಿಡ್ ಹೀ ರಿಯಲೈಸ್ಡ್, ಡಿಡ್ ಹೀ ರಿಯಲೈಸ್, ಹೀ ಡಿಡ್ ರಿಯಲೈಸ್. ಮೊದಲ ಪದ ನಾಟ್ ಅಂಟಿಲ್, ಆದ್ದರಿಂದ ಮುಖ್ಯ ಭಾಗ ತಿರುಗಬೇಕು. ಕರ್ತೃ ಮೊದಲು ಬಂದಿರುವ ಒಂದನೆಯದೂ ನಾಲ್ಕನೆಯದೂ ಹೋದವು. ಉಳಿದ ಎರಡರಲ್ಲಿ ‘ಡಿಡ್ ... ರಿಯಲೈಸ್ಡ್’ ಎಂಬುದು ನಮ್ಮ ‘ಬಂದಲಿಲ್ಲ’. ಅದೂ ಹೋಯಿತು. ಉತ್ತರ ಮೂರನೆಯದು. ಇಡೀ ವಾಕ್ಯದ ಅರ್ಥ ಪೂರ್ತಿ ಆಗದಿದ್ದರೂ ಈ ಎರಡು ಹೆಜ್ಜೆಯಲ್ಲಿ ಉತ್ತರ ಕೈಗೆ ಬರುತ್ತದೆ.

‘ನೋ ಸೂನರ್’ಗೆ ಕನ್ನಡದಲ್ಲಿ ಎಷ್ಟು ಚೆಂದದ ಜೋಡಿ ಇದೆ! “ಪ್ಲಾಟ್‌ಫಾರ್ಮಿಗೆ ಕಾಲಿಟ್ಟಿದ್ದೇ ತಡ, ರೈಲು ಹೊರಟಿತು.” ‘ಇಟ್ಟಿದ್ದೇ’ ಎಂಬುದು ಮುಗಿದ ಕೆಲಸ, ಹಾಗಾಗಿ ಹ್ಯಾಡ್ ಮತ್ತು ವಿ3: “ನೋ ಸೂನರ್ ಹ್ಯಾಡ್ ಐ ರೀಚ್ಡ್ ದ ಪ್ಲಾಟ್‌ಫಾರ್ಮ್ ದ್ಯಾನ್ ದ ಟ್ರೇನ್ ಲೆಫ್ಟ್.” ಸೂನರ್ ಎಂಬುದು ಹೋಲಿಕೆಯ ರೂಪ, ಬೆಟರ್, ಬಿಗರ್ ಇದ್ದ ಹಾಗೆ. ಆದ್ದರಿಂದ ಅದರ ಜೊತೆ ದ್ಯಾನ್. ಹಾರ್ಡ್ಲಿ, ಸ್ಕೇರ್ಸ್ಲಿ ಬಂದರೆ ದ್ಯಾನ್ ಬದಲು ವೆನ್. ದೆನ್ ಎಂದು ಬರೆದರೆ ಅಂಕ ಹೋಗುತ್ತದೆ.

‘ಸೋ’ ಮತ್ತು ‘ಸಚ್’ ಸುಲಭ. “ಸೋ ಕ್ರೌಡೆಡ್ ವಾಸ್ ದ ಟ್ರೇನ್ ದ್ಯಾಟ್ ಐ ಕುಡ್ ನಾಟ್ ಗೆಟ್ ಇನ್.” ಸೋ ಮುಂದೆ ಗುಣ, ಆಮೇಲೆ ವಾಸ್. “ಸಚ್ ವಾಸ್ ದ ಕ್ರೌಡ್ ದ್ಯಾಟ್” ಎಂದರೂ ಅದೇ ಅರ್ಥ.

ಜಾಗ ಹೇಳುವ ಪದ ಮುಂದೆ ಬಂದರೆ ಡು, ಡಿಡ್ ಏನೂ ಬೇಡ, ಇಡೀ ಕ್ರಿಯಾಪದವೇ ಕರ್ತೃವನ್ನು ದಾಟಿ ಮುಂದೆ ಬರುತ್ತದೆ: “ಹಿಯರ್ ಕಮ್ಸ್ ದ ಟ್ರೇನ್.” ಆದರೆ ಇಟ್, ಹೀ, ಶಿ ಎಂಬ ಸರ್ವನಾಮವಾದರೆ ತಿರುಗುವುದಿಲ್ಲ: “ಹಿಯರ್ ಇಟ್ ಕಮ್ಸ್.” ಏಕವಚನ, ಬಹುವಚನವನ್ನು ಕ್ರಿಯಾಪದದ ನಂತರ ಬರುವ ಕರ್ತೃ ನೋಡಿ ಹಾಕಿ: “ಅಮಂಗ್ ದ ಪ್ಯಾಸೆಂಜರ್ಸ್ ವಾಸ್ ಎ ನರ್ಸ್.” ಪ್ಯಾಸೆಂಜರ್ಸ್ ಎಂದು ಪಕ್ಕದಲ್ಲೇ ಇದೆ ಎಂದು ವರ್ ಹಾಕಬಾರದು.

‘ಇಫ್’ ಬಿಟ್ಟು ತಿರುಗಿಸುವ ಮೂರು ವಾಕ್ಯಗಳಿಗೆ ಹೆಚ್ಚು ಹೊತ್ತು ಕೊಡಿ, ಯಾಕೆಂದರೆ ಪರೀಕ್ಷೆ ಮುಗಿದ ಮೇಲೂ ಇವು ಕೆಲಸಕ್ಕೆ ಬರುತ್ತವೆ. “ಗೊತ್ತಿದ್ದಿದ್ದರೆ ಬೇಗ ಹೊರಡುತ್ತಿದ್ದೆ.” ಇಂಗ್ಲಿಷಿನಲ್ಲಿ “ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಲೆಫ್ಟ್ ಅರ್ಲಿ.” ನಮ್ಮ ‘ಹೊರಡುತ್ತಿದ್ದೆ’ ಇಲ್ಲಿ ಮೋಸ ಮಾಡುತ್ತದೆ. “ದಿನಾ ಆರಕ್ಕೆ ಹೊರಡುತ್ತಿದ್ದೆ” ಎಂಬಲ್ಲೂ ಅದೇ ರೂಪ, “ಗೊತ್ತಿದ್ದಿದ್ದರೆ ಹೊರಡುತ್ತಿದ್ದೆ” ಎಂಬಲ್ಲೂ ಅದೇ ರೂಪ. ಹಾಗಾಗಿ “ಹ್ಯಾಡ್ ಐ ನೋನ್, ಐ ವಾಸ್ ಲೀವಿಂಗ್” ಎಂದು ಬರೆಯುತ್ತಾರೆ. ‘ದರೆ’ಯ ಬೆನ್ನಿಗೆ ಬಂದ ‘ಉತ್ತಿದ್ದೆ’ಯನ್ನು ವುಡ್ ಹ್ಯಾವ್ ಎಂದು ಓದಿಕೊಳ್ಳಿ. ಎರಡನೆಯದು “ನಾನು ನಿಮ್ಮ ಜಾಗದಲ್ಲಿದ್ದರೆ”: “ವರ್ ಐ ಇನ್ ಯುವರ್ ಪ್ಲೇಸ್.” ಇಲ್ಲಿ ‘ಐ’ಗೂ ‘ಹೀ’ಗೂ ವರ್. ಮೂರನೆಯದು “ಹೆಚ್ಚಿನ ಮಾಹಿತಿ ಬೇಕಾದರೆ”: “ಶುಡ್ ಯು ನೀಡ್ ಎನಿ ಫರ್ದರ್ ಇನ್‌ಫರ್ಮೇಷನ್.” ಓಇಟಿ ಎಂಬ, ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆ ಬರೆಯುವ ನರ್ಸ್‌ಗಳೇ, ಆ ಪರೀಕ್ಷೆಯ ಪತ್ರದ ಕೊನೆಗೆ ಈ ಒಂದು ಸಾಲು ಸಹಜವಾಗಿ ಕೂರುತ್ತದೆ. ರೋಗಿಯ ವಿವರ ಕೊಡುವ ಪತ್ರದಲ್ಲಿ ಬೇರೆ ಯಾವ ಇನ್‌ವರ್ಷನ್ನೂ ಬೇಕಾಗಿಲ್ಲ. ಶುಡ್ ಮುಂದೆ ವಿ1 ಎಂಬುದು ನೆನಪಿರಲಿ: “ಶುಡ್ ದ ಪೇಷಂಟ್ ರಿಕ್ವೈರ್”, ರಿಕ್ವೈರ್ಸ್ ಅಲ್ಲ.

ತಿರುಗಿಸಬಾರದ ಕಡೆ ತಿರುಗಿಸುವುದೂ ನಮ್ಮಲ್ಲಿ ಬಹಳ. “ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್.” ಮುಂಬಯಿಯ ಆಫೀಸುಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ವಾಕ್ಯ. “ಅವನ ಹೆಸರೇನು ಅಂತ ಗೊತ್ತಿಲ್ಲ” ಎಂದು ನಾವು ಇಡೀ ಪ್ರಶ್ನೆಯನ್ನು ಹಾಗೇ ಎತ್ತಿ ‘ಅಂತ’ದ ಮುಂದೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದ ಕೂಡಲೇ ಅದರ ಪ್ರಶ್ನೆಯ ಅಚ್ಚು ಕಳಚುತ್ತದೆ: “ಐ ಡೋಂಟ್ ನೋ ವಾಟ್ ಹಿಸ್ ನೇಮ್ ಈಸ್.” ಕನ್ನಡದಲ್ಲಿ ‘ಅಂತ’ ಬಂದರೆ ಇಂಗ್ಲಿಷಿನಲ್ಲಿ ತಿರುಗಿಸಬೇಡಿ. ಇದೊಂದನ್ನು ಸರಿಮಾಡಿಕೊಂಡರೆ ಸ್ಪೀಕಿಂಗ್ ಪರೀಕ್ಷೆಯಲ್ಲಿ ಹತ್ತು ನೆವರ್‌ಗಳಿಗಿಂತ ಹೆಚ್ಚು ಲಾಭ ಎಂದು ನಾನು ನಂಬುತ್ತೇನೆ. ಮಾತಿನಲ್ಲಿ “ನಾನೂ” ಎಂಬುದಕ್ಕೆ “ಸೋ ಡು ಐ”, “ನಾನೂ ಇಲ್ಲ” ಎಂಬುದಕ್ಕೆ “ನೈದರ್ ಡು ಐ” ಬಾಯಿಗೆ ಬಂದರೆ ಸಾಕು. ಎದುರಿನವರು ಹ್ಯಾವ್ ಎಂದರೆ ನೀವೂ ಹ್ಯಾವ್, ಡಿಡ್ ಎಂದರೆ ಡಿಡ್.

ಎಷ್ಟು ಬಳಸಬೇಕು? ಐಇಎಲ್‌ಟಿಎಸ್ ರೈಟಿಂಗ್ 60 ನಿಮಿಷ. ಮೊದಲ ಟಾಸ್ಕ್‌ಗೆ ಕಡಿಮೆಯೆಂದರೆ 150 ಪದ, ಎರಡನೆಯದಕ್ಕೆ 250. ವ್ಯಾಕರಣದ ವೈವಿಧ್ಯ ಮತ್ತು ಶುದ್ಧತೆಗೆ ನಾಲ್ಕರಲ್ಲಿ ಒಂದು ಪಾಲು ಅಂಕ. ವೈವಿಧ್ಯವೂ ಬೇಕು, ಶುದ್ಧತೆಯೂ ಬೇಕು. 250 ಪದದ ಪ್ರಬಂಧದಲ್ಲಿ ಒಂದು ಇನ್‌ವರ್ಷನ್, ಹೆಚ್ಚೆಂದರೆ ಎರಡು, ಅದೂ ನಿಜವಾಗಿ ಒತ್ತು ಬೇಕಾದ ಕಡೆ. ನನ್ನ ಬಳಿ ಬಂದ ಒಬ್ಬ ಹುಡುಗನಿಗೆ ಕೋಚಿಂಗ್ ಕ್ಲಾಸೊಂದರಲ್ಲಿ ಇಪ್ಪತ್ತು ವಾಕ್ಯಗಳ ಹಾಳೆ ಕೊಟ್ಟು ಬಾಯಿಪಾಠ ಮಾಡಿಸಿದ್ದರು. ಅವನು ಪ್ರಬಂಧದ ಮೊದಲ ಪ್ಯಾರಾದಲ್ಲೇ ಮೂರನ್ನು ತುರುಕಿದ್ದ. ಅವುಗಳ ಪಕ್ಕದಲ್ಲಿ ಅವನದೇ ವಾಕ್ಯ, “ಪೀಪಲ್ ಈಸ್ ಗೋಯಿಂಗ್.” ಓದಿದವರಿಗೆ ಯಾವುದು ಸಾಲದ್ದು, ಯಾವುದು ಸ್ವಂತದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಅವನ ತಂದೆ ಸಾಲ ಮಾಡಿ ಫೀಸು ಕಟ್ಟಿದ್ದರು. ಆ ಹಾಳೆ ನೋಡಿ ನನಗೆ ಸಂಕಟವಾಯಿತು. ಅದನ್ನು ಬದಿಗಿಟ್ಟು ಮೊದಲ ಒಂದು ತಿಂಗಳು ಅವನಿಂದ ಸಾದಾ ವಾಕ್ಯಗಳನ್ನೇ ಬರೆಸಿದೆ.

ಅಭ್ಯಾಸಕ್ಕೆ ಬೇರೆ ಹೊತ್ತು ಹುಡುಕಬೇಡಿ. ಡೊಂಬಿವಲಿಯಿಂದ ದಾದರ್ ಮುಟ್ಟುವುದರೊಳಗೆ ಕಂಡ ಎರಡು ಸಂಗತಿಗಳನ್ನು ಕನ್ನಡದಲ್ಲಿ ‘ಇಲ್ಲ’ ಹಾಕಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಬಾಲ ಹಿಡಿಯಿರಿ, ತಿರುಗಿಸಿ. ಸಂಜೆ ಮನೆಗೆ ಬಂದು ಬರೆದಿಡಿ. ನರ್ಸ್ ಹುಡುಗಿ ಹಾಗೆ ಆರು ವಾರ ಮಾಡಿದಳು. ಅವಳ ನೋಟ್‌ಬುಕ್ಕಿನ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ‘ಇಲ್ಲ’ದ ಕೆಳಗೆ ಪೆನ್ಸಿಲಿನ ಗೆರೆ.

ನಿಮಗೂ ಐದು ಕೊಡುತ್ತೇನೆ. ಉತ್ತರದ ಸಾಲು ಓದುವ ಮೊದಲು ಬರೆದು ನೋಡಿ.

ಅವಳು ಒಮ್ಮೆಯೂ ರಜೆ ಕೇಳಿಲ್ಲ.
ಯಾವ ಕಾರಣಕ್ಕೂ ಈ ಔಷಧಿಯನ್ನು ಮಕ್ಕಳಿಗೆ ಕೊಡಕೂಡದು.
ಬಸ್ಸಿನಿಂದ ಇಳಿದಿದ್ದೇ ತಡ, ಮಳೆ ಶುರುವಾಯಿತು.
ಅಮ್ಮನಿಗೆ ಫೋನ್ ಮಾಡಿದ ಮೇಲೆಯೇ ನನಗೆ ಸಮಾಧಾನವಾಯಿತು.
ನೀವು ಇಲ್ಲದಿದ್ದರೆ ನಾನು ಪಾಸಾಗುತ್ತಿರಲಿಲ್ಲ.

ಉತ್ತರಗಳು ಇದೇ ಕ್ರಮದಲ್ಲಿ: “ನೆವರ್ ಒನ್ಸ್ ಹ್ಯಾಸ್ ಶಿ ಆಸ್ಕ್ಡ್ ಫಾರ್ ಲೀವ್.” “ಅಂಡರ್ ನೋ ಸರ್ಕಮ್‌ಸ್ಟನ್ಸಸ್ ಶುಡ್ ದಿಸ್ ಮೆಡಿಸಿನ್ ಬಿ ಗಿವನ್ ಟು ಚಿಲ್ಡ್ರನ್.” “ನೋ ಸೂನರ್ ಹ್ಯಾಡ್ ಐ ಗಾಟ್ ಆಫ್ ದ ಬಸ್ ದ್ಯಾನ್ ಇಟ್ ಸ್ಟಾರ್ಟೆಡ್ ರೈನಿಂಗ್.” “ಓನ್ಲಿ ಆಫ್ಟರ್ ಐ ಹ್ಯಾಡ್ ಕಾಲ್ಡ್ ಮೈ ಮದರ್ ಡಿಡ್ ಐ ಫೀಲ್ ಕಾಮ್.” “ಹ್ಯಾಡ್ ಇಟ್ ನಾಟ್ ಬೀನ್ ಫಾರ್ ಯು, ಐ ವುಡ್ ನಾಟ್ ಹ್ಯಾವ್ ಪಾಸ್ಡ್.”

ಎರಡನೆಯದರಲ್ಲಿ ಔಷಧಿ ತಾನೇ ಕೊಡುವುದಿಲ್ಲ, ಅದನ್ನು ಕೊಡಲಾಗುತ್ತದೆ. ಅದಕ್ಕೇ ಶುಡ್ ಮುಂದೆ ಬಿ, ಅದರ ಮುಂದೆ ಗಿವನ್. ಐದನೆಯದರಲ್ಲಿ ‘ಹ್ಯಾಡಂಟ್ ಇಟ್ ಬೀನ್’ ಎಂದು ಬರೆದಿದ್ದರೆ ತಿದ್ದಿಕೊಳ್ಳಿ. ಇಫ್ ಬಿಟ್ಟು ತಿರುಗಿಸಿದಾಗ ಹ್ಯಾಡ್ ಮತ್ತು ನಾಟ್ ಕೂಡಿಕೊಳ್ಳುವುದಿಲ್ಲ. ಹ್ಯಾಡ್ ಮುಂದೆ, ನಡುವೆ ಕರ್ತೃ, ಆಮೇಲೆ ನಾಟ್.